ಹೂನೊಣ ಎಣಿಸುವವಳ ಫಜೀತಿಗಳು

ಕೆಲಸವಿಲ್ಲದವರು ನೊಣ ಹೊಡೆಯುತ್ತಾರೆ ಅನ್ನುತ್ತಾರೆ. ನನಗೆ ನೊಣ ಎಣಿಸುವುದೇ ಕೆಲಸ, ಹಾಗಾಗಿ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ಮನೆಯ ನೊಣವಲ್ಲ, ಹೂನೊಣ. ನೋಡಲು ಜೇನಿನಂತೆ, ಆದರೆ ಕಚ್ಚುವುದಿಲ್ಲ. ಇದರ ಮರಿಹುಳು ಅವರೆ ಗಿಡದ ಹೇನು ತಿಂದು ರೈತರಿಗೆ ಉಪಕಾರ ಮಾಡುತ್ತದೆ. ಸಂಶೋಧನೆಗೆಂದು, ಹೊಲದ ಸುತ್ತ ಇದು ಯಾವ ಹೂವಿಗೆ ಬರುತ್ತದೆಂದು ನಾನು ನೋಡುತ್ತ ಕೂರಬೇಕು. ಸಂಜೆ ಮಧುಗಿರಿಯ ಬಾಡಿಗೆ ರೂಮಿಗೆ ಬಂದರೆ ಇದನ್ನೆಲ್ಲ ಹೇಳಿಕೊಂಡು ನಗಲು ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

೧. ದೊಡ್ಡೇರಿ

ಕೊತ್ತಂಬರಿ ಹೊಲದ ಬದುವಿನಲ್ಲಿ ಬೆಳಗಿನಿಂದ ಕೂತಿದ್ದೆ. ಮೇಕೆ ಮೇಯಿಸುವ ಅಜ್ಜಿಯೊಬ್ಬಳು ದೂರದಿಂದ ನೋಡಿ ನೋಡಿ, ಕೊನೆಗೆ ಪಕ್ಕಕ್ಕೇ ಬಂದು ಕೂತಳು.

"ಗಂಡನ್ ಜೊತೆ ಜಗಳ ಆಡ್ಕಂಡ್ ಬಂದಿದ್ದೀಯಾ?"

"ಇಲ್ಲ ಅಜ್ಜಿ, ನಂಗಿನ್ನೂ ಮದುವೆ ಆಗಿಲ್ಲ."

"ಅಯ್ಯೋ, ಜಗಳ ಆಡೋಕೂ ಒಬ್ರಿಲ್ವಾ?"

ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನೇ ಸಮಾಧಾನ ಮಾಡಬೇಕಾಯಿತು.

೨. ಕ್ಯಾತಗಾನಚೆರ್ಲು

ಸೋಲಾರ್ ಪಾರ್ಕಿನ ಬೇಲಿ ಪಕ್ಕ ತುಂಬೆ ಹೂಬಿಟ್ಟಿತ್ತು. ಅದರ ಮುಂದೆ ಕೂತೆ. ಕಾವಲುಗಾರ ಬಂದ.

"ಏಂ ಮೇಡಂ, ಇಲ್ಲೇನ್ ಮಾಡ್ತಾ ಇದೀರಾ?"

ಹೇಳಿದೆ. ಅವನು ಸೂಪರ್‌ವೈಸರ್‌ಗೆ ಫೋನ್ ಹಚ್ಚಿದ. "ಸಾರ್, ಮೇಡಂ ಒಬ್ರು ನೊಣ ಎಣಿಸ್ತಾ ಅವ್ರೆ." ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಮುಖ ಸಣ್ಣದು ಮಾಡಿಕೊಂಡ. "ಲೇದು ಸಾರ್, ನಮ್ಮವ್ವನಾಣೆ, ಇವತ್ತು ಒಂದ್ ತೊಟ್ಟೂ ಮುಟ್ಟಿಲ್ಲ."

೩. ಐ.ಡಿ.ಹಳ್ಳಿ

ನಾನು ಕಂಡ ಬದುಗಳಲ್ಲೆಲ್ಲ ಇಲ್ಲಿನ ಒಬ್ಬ ರೈತ ಅಕ್ಕನ ಬದುವೇ ಚೆನ್ನ. ಕಳೆ ಕೀಳದೆ ಬಿಟ್ಟಿದ್ದರಿಂದ ತುಂಬೆ, ಅಣ್ಣೆಸೊಪ್ಪು ಹೂಬಿಟ್ಟು, ತುಂಬ ಹೂನೊಣಗಳು ಬರುತ್ತಿದ್ದವು. ಈ ವರ್ಷದ ಕೆಲಸಕ್ಕೆ ಅದನ್ನೇ ನೆಚ್ಚಿಕೊಂಡಿದ್ದೆ. "ಸೋಮವಾರ ನಿಮ್ ಬದು ನೋಡೋಕೆ ಬರ್ತೀನಿ ಅಕ್ಕ" ಎಂದು ಹೇಳಿಬಂದೆ.

ಸೋಮವಾರ ಹೋದರೆ ಬದುವಿನ ಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲ. ರಂಗೋಲಿ ಹಾಕುವುದೊಂದೇ ಬಾಕಿ.

"ಏನಕ್ಕ ಇದು?"

"ನೆಂಟ್ರು ಬತ್ತಾರೆ ಅಂದ್ರೆ ಗುಡಿಸ್ದೆ ಬುಡ್ತಾರಾ? ನಿನ್ನೆಯಿಂದ ಕೆತ್ತಿದ್ದೀನಿ ಕಣಮ್ಮ."

ವರ್ಷದ ಕೆಲಸ ಮಣ್ಣುಪಾಲಾಯಿತು. ಆದರೆ ಸಿಟ್ಟು ಬರಲಿಲ್ಲ, ಅಳು ಬಂತು. ನಾನು ಬರುತ್ತೇನೆಂದು ಯಾರಾದರೂ ಕಸ ಗುಡಿಸಿ ಎಷ್ಟು ಕಾಲವಾಗಿತ್ತೋ.

ನನ್ನ ಮುಖ ನೋಡಿ ಅಕ್ಕನಿಗೆ ಗಾಬರಿ. "ಯಾಕಮ್ಮ, ಇನ್ನೂ ಎಲ್ಲಾದ್ರೂ ಕಳೆ ಉಳ್ಕಂಡೈತಾ?" ಎಂದು ಹುಡುಕಿ, ಉಳಿದಿದ್ದ ಒಂದೇ ಒಂದು ತುಂಬೆ ಗಿಡವನ್ನೂ ಕಿತ್ತರು. ಅದರ ಮೇಲೊಂದು ಹೂನೊಣ ಕೂತಿತ್ತು.

ಮನೆಗೆ ಕರೆದೊಯ್ದು ಮುದ್ದೆ, ಅವರೆಕಾಳು ಸಾರು ಬಡಿಸಿದರು. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಇನ್ನರ್ಧ ಮುದ್ದೆ ಹಾಕಿಸಿಕೊಂಡೆ. ಹೊರಟಾಗ ಅಕ್ಕ ಬೀದಿಯವರೆಗೂ ಬಂದರು.

"ಮುಂದಿನ್ ಸಲ ಬರೋಕೆ ಎಲ್ಡ್ ದಿನ ಮುಂಚೇನೇ ಹೇಳ್ಬುಡಮ್ಮ. ಅಕ್ಕಪಕ್ಕದೋರ ಬದೂನೂ ಕೆತ್ತಿಸಿರ್ತೀನಿ."