ಪುಂಡಿ ಸೊಪ್ಪಿಗೆ ನೇರಳೆ ದೀಪ

ಪರದೇಶದಲ್ಲಿದ್ದವನು ಯಾವುದಕ್ಕೆ ಕೊರಗಬೇಕು ಎಂಬುದಕ್ಕೂ ಒಂದು ಮರ್ಯಾದೆ ಇದೆ. ಊರ ಮಳೆಗೆ ಕೊರಗಬಹುದು, ಹಬ್ಬಕ್ಕೆ ಕೊರಗಬಹುದು, ಶಾಲೆಯ ಗೆಳೆಯರನ್ನು ನೆನೆದು ನಿಟ್ಟುಸಿರು ಬಿಡಬಹುದು. ಸಂಘದ ಕಾರ್ಯಕ್ರಮದಲ್ಲಿ ಮೈಕು ಹಿಡಿದು ಇವನ್ನೆಲ್ಲ ಹೇಳಿದರೆ ಮುಂದಿನ ಸಾಲಿನವರು ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಅಬುಧಾಬಿಯ ಖಾಲಿದಿಯಾದಲ್ಲಿ, ಎ.ಸಿ. ಹಾಕಿಕೊಂಡು ಸೋಫಾದ ಮೇಲೆ ಕೂತ ಅರ್ಧ ನರೆತ ತಲೆಯ ಗಂಡಸೊಬ್ಬ ಪುಂಡಿ ಸೊಪ್ಪಿಗಾಗಿ ಕೊರಗುತ್ತಿದ್ದಾನೆ ಎಂದರೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ನಗುತ್ತಾರೆ. ನಗಲಿ. ಬಾಗಲಕೋಟೆ ಕಡೆಯವರು ಮಾತ್ರ ನಗುವುದಿಲ್ಲ. ಜೋಳದ ನುಚ್ಚು ಹಾಕಿ ಕಡೆದ ಪುಂಡಿಪಲ್ಯ, ಮೇಲೆ ಬೆಳ್ಳುಳ್ಳಿ ಒಗ್ಗರಣೆ, ಪಕ್ಕದಲ್ಲಿ ಬಿಸಿ ರೊಟ್ಟಿ ಎಂದೊಡನೆ ಅವರು ಮಾತು ನಿಲ್ಲಿಸಿ ಒಮ್ಮೆ ಉಗುಳು ನುಂಗುತ್ತಾರೆ. ಆ ಹುಳಿ ಹಾಗಿದೆ.

ಸೂಪರ್ ಮಾರ್ಕೆಟ್ಟಿನಲ್ಲಿ ಗೊಂಗೂರ ಅಂತ ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಸಿಗುತ್ತದೆ. ಕೆಂಪು ದಂಟಿನದು, ವಿಮಾನ ಹತ್ತಿ ಬಂದು ಸುಸ್ತಾಗಿ ಮಲಗಿದ್ದು. ಅದರ ಮೇಲೆ ನನಗೆ ದ್ವೇಷವೇನಿಲ್ಲ. ಆದರೆ ನನಗೆ ಬೇಕಾದದ್ದು ನನ್ನ ಅಕ್ಕನ ಹಿತ್ತಲಿನ ಪುಂಡಿ. ಅಕ್ಕ ಎಂದರೆ ಗಂಗಕ್ಕ, ನನಗಿಂತ ಬಹಳ ದೊಡ್ಡವಳು, ಅವ್ವನಿಗಿಂತ ಹೆಚ್ಚಾಗಿ ನನ್ನನ್ನು ಎತ್ತಿ ಆಡಿಸಿದವಳು. ಅವಳ ಮನೆಯ ಹಿಂದೆ ಬಚ್ಚಲ ನೀರು ಹರಿಯುವ ಕಡೆ, ಯಾರೂ ಬಿತ್ತದೆ, ಯಾರೂ ಕೇಳದೆ, ವರ್ಷಾ ವರ್ಷ ಅದು ತಾನೇ ಎದ್ದು ನಿಲ್ಲುತ್ತಿತ್ತು. ನಾನು ರಜೆಗೆ ಹೋದ ದಿನ ಅಕ್ಕ ನನ್ನ ಮುಖ ನೋಡಿ ಮಾತಾಡುವ ಮೊದಲೇ ಹಿತ್ತಲಿಗೆ ಹೋಗಿ ಸೊಪ್ಪು ಚಿವುಟುತ್ತಿದ್ದಳು. ಅವಳ ಕೈಯಡುಗೆ ಉಂಡು ಕಡೆಯ ಸಲ ಹೊರಟಾಗ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಒಂದು ಹಿಡಿ ಬೀಜ ಗಂಟು ಕಟ್ಟಿ, “ತಗೋ ತಮ್ಮಾ, ಅಲ್ಲಿ ಒಂದು ಡಬ್ಬ್ಯಾಗ ಒಗಿ. ತಾವ ಬರ್ತಾವ” ಎಂದಳು. ಆ ಗಂಟನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಬಂದ ನಾನು ವಿಮಾನ ನಿಲ್ದಾಣದಲ್ಲಿ ಬೆವತದ್ದು ಅಷ್ಟಿಷ್ಟಲ್ಲ. ಇಲ್ಲಿ ಗಸಗಸೆ ತರುವುದೇ ಅಪರಾಧ. ಪಾಯಸದ ಆಸೆಗೆ ಪೊಟ್ಟಣ ತಂದು ಸಿಕ್ಕಿಬಿದ್ದವರ ಕತೆ ಕೇಳದ ಗಲ್ಫ್ ಕನ್ನಡಿಗನಿಲ್ಲ. ನನ್ನ ಗಂಟನ್ನು ಮಾತ್ರ ಯಾರೂ ಕೇಳಲಿಲ್ಲ.

ಮರುವರ್ಷ ಅಕ್ಕ ಹೋದಳು. ಆಮೇಲೆ ಅವಳ ಮಗ, ಅಂದರೆ ನನ್ನ ಅಳಿಯ ಬಸವರಾಜ, ಹಿತ್ತಲಿಗೆ ಟೈಲ್ಸ್ ಹಾಕಿಸಿ ಕಾರು ನಿಲ್ಲಿಸಲು ಜಾಗ ಮಾಡಿಕೊಂಡ. “ಮಾಮಾ, ಹೆಂಗೈತಿ?” ಎಂದು ಹೆಮ್ಮೆಯಿಂದ ಫೋಟೋ ಕಳಿಸಿದ. “ಭಾಳ ಚಲೋ ಆಗೇತಿ” ಎಂದು ಉತ್ತರ ಬರೆದು, ಆ ಫೋಟೋವನ್ನು ದೊಡ್ಡದು ಮಾಡಿ ಮಾಡಿ ಬಚ್ಚಲ ಮೋರಿ ಎಲ್ಲಿತ್ತು ಎಂದು ಹುಡುಕಿದೆ. ಸಿಗಲಿಲ್ಲ. ಅಕ್ಕನ ಪುಂಡಿ ಎಂಬುದು ಈ ಭೂಮಿಯ ಮೇಲೆ ಇನ್ನು ಉಳಿದಿರುವುದು ನನ್ನ ಬಟ್ಟೆಯ ಬೀರುವಿನೊಳಗಿನ ಆ ಗಂಟಿನಲ್ಲಿ ಮಾತ್ರ ಎಂದು ಅವತ್ತು ಹೊಳೆಯಿತು. ಬೆಳೆಸಬೇಕು, ಹೂ ಬಿಡಿಸಬೇಕು, ಬೀಜ ಮಾಡಬೇಕು ಎಂದು ತೀರ್ಮಾನಿಸಿದೆ.

ನಾನು ಕಟ್ಟಡ ಕಂಪನಿಯಲ್ಲಿ ಎಸ್ಟಿಮೇಟರ್. ಒಂದು ಗೋಪುರಕ್ಕೆ ಎಷ್ಟು ಸಿಮೆಂಟು, ಎಷ್ಟು ಕಬ್ಬಿಣ ಎಂದು ಲೆಕ್ಕ ಹಾಕುವವನು. ಹೀಗಾಗಿ ಬೀಜಕ್ಕೂ ಅಡಿಪಾಯ ಆಳವಾಗಿರಲಿ ಎಂದು ದೊಡ್ಡ ಕುಂಡದಲ್ಲಿ ಗೇಣುದ್ದ ಹೂತೆ. ಅವು ಬರಲಿಲ್ಲ. ಬಂದಿವೆಯೋ ಎಂದು ದಿನವೂ ಕೆದಕಿ ನೋಡಿ ಮತ್ತೆ ಮುಚ್ಚುತ್ತಿದ್ದೆ, ಬರುವುದಾದರೂ ಹೇಗೆ? ಎರಡನೆಯ ಸಲ ಮೇಲೆಯೇ ಹಾಕಿದೆ. ಮೊಳಕೆ ಬಂತು. ಆ ಸಂತೋಷಕ್ಕೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರು ಹಾಕಿದೆ. ಮರುಭೂಮಿಯಲ್ಲಿದ್ದೇವೆ, ಪಾಪ ಬಾಯಾರಿರುತ್ತದೆ ಎಂಬ ಕರುಣೆ. ಸಸಿಗಳು ಬುಡದಲ್ಲೇ ಕೊಳೆತು, ಎಲ್ಲವೂ ಒಟ್ಟಿಗೆ ಕತ್ತು ಚೆಲ್ಲಿ ಮಲಗಿದವು. ಮೂರನೆಯವು ಕಿಟಕಿಯ ಕಪ್ಪು ಗಾಜಿನ ಹಿಂದೆ ಬೆಳಕು ಹುಡುಕಿ ಹುಡುಕಿ ದಾರದ ಹಾಗೆ ಉದ್ದವಾದವು. ಬಿಸಿಲು ಸಾಲದು ಎಂದು ಬಾಲ್ಕನಿಗಿಟ್ಟು ಆಫೀಸಿಗೆ ಹೋದೆ. ಅದು ಆಗಸ್ಟ್. ಬಂದು ನೋಡಿದರೆ ಕುಂಡದಲ್ಲಿ ಹಪ್ಪಳಕ್ಕೆ ಒಣಗಿಸಿದಂತಿತ್ತು. ನನ್ನ ಹೆಂಡತಿ ಶೈಲಾ ಏನೂ ಬೈಯಲಿಲ್ಲ. “ಅಕ್ಕಾ ಬಚ್ಚಲ ನೀರು ಬಿಟ್ರ ಏನ್ ಹಾಕತಿದ್ರು ಹೇಳ್ರಿ?” ಎಂದಷ್ಟೇ ಕೇಳಿ ಒಳಗೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು. ಗಂಟು ಬಿಚ್ಚಿ ನೋಡಿದರೆ ತಳದಲ್ಲಿ ಚಿಟಿಕೆಯಷ್ಟು ಬೀಜ ಉಳಿದಿತ್ತು. ಅವತ್ತು ನನಗೆ ಅಕ್ಕ ಎರಡನೆಯ ಸಲ ಹೋಗುತ್ತಿದ್ದಾಳೆ ಅನ್ನಿಸಿತು.

ಇನ್ನು ಭಂಡ ಧೈರ್ಯ ಸಾಕು, ತಿಳಿದವರನ್ನು ಕೇಳೋಣ ಎಂದು ಮೊಬೈಲಿನಲ್ಲಿ ಮನೆಯೊಳಗೆ ಸಸಿ ಬೆಳೆಸುವ ವಿಡಿಯೋ ಹುಡುಕಿದೆ. ಎಷ್ಟೊಂದು ಗುರುಗಳು! ಅವರಲ್ಲಿ ಒಬ್ಬ ಉದ್ದ ಗಡ್ಡದ ವಿದೇಶಿ ತರುಣ ನನಗೆ ಬಹಳ ಹಿಡಿಸಿದ. ಹೊಸಬರು ಮಾಡುವ ತಪ್ಪುಗಳು ಎಂದು ಅವನು ಶುರು ಮಾಡಿದರೆ ನನ್ನ ಜೀವನಚರಿತ್ರೆಯನ್ನೇ ಓದಿದ ಹಾಗಿರುತ್ತಿತ್ತು. ಆಳ ಹೂಳಬೇಡಿ, ಕೆದಕಬೇಡಿ, ನೀರು ಕುಡಿಸಿ ಕೊಲ್ಲಬೇಡಿ, ದೀಪ ಹಚ್ಚಿ. ಸಸಿಗಳನ್ನು ಮಕ್ಕಳೇ ಎಂದು ಕರೆದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ. ನಾನು ಭಕ್ತಿಯಿಂದ ನೋಡುತ್ತಿದ್ದಾಗ ಒಂದು ದಿನ ಮಗಳು ಪೂರ್ವಿ ಹಿಂದೆ ನಿಂತು ನೋಡಿ, “ಪಪ್ಪಾ, ಡು ಯು ನೋ ವಾಟ್ ಹೀ ಈಸ್ ಗ್ರೋಯಿಂಗ್?” ಎಂದಳು. ಬೆಂಡೆಯ ಜಾತಿ ಇರಬೇಕು ಎಂದೆ. “ಪಪ್ಪಾ, ದಟ್ಸ್ ಗಾಂಜಾ!” ಎಂದು ಕಿರುಚಿದಳು. ನನ್ನ ಕೈಯಿಂದ ಮೊಬೈಲು ಬಿತ್ತು. ಅವನು ಹೂ ಬಿಡಿಸುವ ವಿಷಯ ಆಗಷ್ಟೇ ಶುರು ಮಾಡಿದ್ದ. ಅಲ್ಲಿಗೇ ಅವನ ಬಾಯಿ ಮುಚ್ಚಿಸಿ, ಹುಡುಕಿದ್ದನ್ನೆಲ್ಲ ಅಳಿಸಿ, ಅಷ್ಟಕ್ಕೂ ಸಮಾಧಾನವಾಗದೆ ಮೊಬೈಲನ್ನೇ ಬಟ್ಟೆಯಿಂದ ಒರೆಸಿದೆ.

ಆದರೆ ಅಷ್ಟರಲ್ಲಿ ಅವನ ಮಾತು ನಂಬಿ ನಾನು ಒಂದು ನೇರಳೆ ಬಣ್ಣದ ದೀಪವನ್ನು ಆನ್‌ಲೈನಿನಲ್ಲಿ ತರಿಸಿಯಾಗಿತ್ತು. ಕಡೆಯ ಬೀಜಗಳಿಂದ ಮೂರು ಸಸಿ ಬಂದಿದ್ದವು. ಬೆಳಕು ಒಳ್ಳೆಯದೆಂದ ಮೇಲೆ ಜಿಪುಣತನವೇಕೆ? ಹಗಲೂ ರಾತ್ರಿ ಉರಿಸಿದೆ. ಹಾಲ್ ತುಂಬ ನೇರಳೆ, ಉಪ್ಪಿಟ್ಟೂ ನೇರಳೆ. “ಇದು ಮನಿಯೋ ಡಿಸ್ಕೋನೋ?” ಎಂದು ಶೈಲಾ ಬೆಡ್‌ರೂಮಿಗೆ ಊಟ ತೆಗೆದುಕೊಂಡು ಹೋಗತೊಡಗಿದಳು. ಗಿಡಗಳು ಮಾತ್ರ ದಂಟು ಗಟ್ಟಿ ಮಾಡಿಕೊಂಡು ನನ್ನ ಎದೆಯ ಮಟ್ಟಕ್ಕೆ ಬೆಳೆದವು. ನಾನು ಒಂದೆಲೆಯನ್ನೂ ಮುಟ್ಟಲಿಲ್ಲ, ಮುಟ್ಟಲು ಬಿಡಲೂ ಇಲ್ಲ. ಬಾಯಲ್ಲಿ ನೀರೂರುತ್ತಿತ್ತು. ಆದರೆ ಇವು ಬೀಜಕ್ಕೆ, ಬಾಯಿಗಲ್ಲ ಎಂದು ಗದರಿಸಿಕೊಳ್ಳುತ್ತಿದ್ದೆ. ಕೋಲಿನ ಹಾಗೆ ನೆಟ್ಟಗೆ ಮೇಲಕ್ಕೆ ಹೋದವೇ ಹೊರತು ಒಂದು ಕವಲಿಲ್ಲ, ಮೊಗ್ಗಂತೂ ಮೊದಲೇ ಇಲ್ಲ.

ಪುಂಡಿಯ ಇನ್ನೊಂದು ಗುಣ ನಿಮಗೆ ಹೇಳಬೇಕು. ಎಳೆಯದಿದ್ದಾಗ ಅದರ ಎಲೆ ದುಂಡಗಿರುತ್ತದೆ. ಬಲಿತಂತೆ ಎಲೆ ಸೀಳಿ, ಐದು ಬೆರಳು ಚಾಚಿ, ಅಂಚಿಗೆಲ್ಲ ಗರಗಸದ ಹಲ್ಲು ಬರುತ್ತದೆ. ಊರಲ್ಲಿ ಇದನ್ನು ನೋಡಿ ಯಾರೂ ಬೆಚ್ಚುವುದಿಲ್ಲ. ಖಾಲಿದಿಯಾದಲ್ಲಿ ಬೆಚ್ಚಿದವರು ಎದುರಿನ ಫ್ಲ್ಯಾಟಿನ ಫಿಲೋಮಿನಾ ಬಾಯಿ. ಉಡುಪಿ ಕಡೆಯವರು, ಆಸ್ಪತ್ರೆಯಲ್ಲಿ ಹಿರಿಯ ನರ್ಸು, ಗಟ್ಟಿ ಗಂಟಲು, ಅದಕ್ಕಿಂತ ಗಟ್ಟಿ ಮನಸ್ಸು. ಒಂದು ಸಂಜೆ ಸಾಂಬಾರಿಗೆ ಹುಣಸೆಹಣ್ಣು ಕೇಳಲು ಬಂದವರು, ಹಾಲ್ ತುಂಬಿದ ನೇರಳೆ ಬೆಳಕಿನಲ್ಲಿ ಆ ಮೂರು ಗಿಡಗಳನ್ನು ಕಂಡು ಬಾಗಿಲಲ್ಲೇ ಶಿಲುಬೆಯ ಗುರುತು ಮಾಡಿಕೊಂಡರು.

“ದೇವಾ! ಇದೆಂತದು ಮಾರಾಯ್ರೇ? ನಿಮಗೆ ತಲೆ ಸರಿ ಉಂಟಾ? ಮನೆಯಲ್ಲಿ ಹೆಣ್ಣು ಮಗು ಉಂಟು!”

“ಬಾಯೀ, ಅದು ಪುಂಡಿ.”

“ಪುಂಡಿ ನಂಗೆ ಗೊತ್ತಿಲ್ವಾ? ಪುಂಡಿ ಅಂದ್ರೆ ಅಕ್ಕಿದು, ಉಂಡೆ ಮಾಡಿ ಬೇಯಿಸುದು. ಇದು ಆ ಎಲೆ. ಕೆಳಗೆ ನಾತೂರ್ ಸಹ ಕೇಳ್ತಿದ್ದ, ನಿಮ್ಮ ಎದುರಿನ ಮನೆಯಲ್ಲಿ ಇಡೀ ರಾತ್ರಿ ಎಂತ ಲೈಟ್ ಅಂತ.”

ನಾತೂರ್ ಎಂದರೆ ಕಟ್ಟಡದ ಕಾವಲುಗಾರ. ಅವನು ಕೇಳಿದ್ದಾನೆ ಎಂದರೆ ಇನ್ನಾರು ಕೇಳಿಲ್ಲ? ವೀಸಾ, ಕೆಲಸ, ಪೂರ್ವಿಯ ಶಾಲೆ ಎಲ್ಲ ಕಣ್ಣ ಮುಂದೆ ಬಂದವು. ತಪ್ಪು ಮಾಡಿಲ್ಲ ಎಂಬ ಧೈರ್ಯವೇನೋ ಇತ್ತು. ಆದರೆ ಪರದೇಶದಲ್ಲಿ ಪುಂಡಿಯನ್ನು ಪುಂಡಿ ಎಂದು ವಿವರಿಸುವುದು ಯಾವ ಭಾಷೆಯಲ್ಲಿ? “ಖಲಾಸ್, ಕಿತ್ತು ಬಿಸಾಡಿ” ಎಂದರು ಬಾಯಿ. ಕಿತ್ತರೆ ಅಕ್ಕನದೇನೂ ಉಳಿಯುವುದಿಲ್ಲ. ನಾನು ಕುಂಡಗಳಿಗೆ ಅಡ್ಡ ನಿಂತೆ. “ನಮ್ಮ ಅಕ್ಕಂದು” ಎಂದೆ.

ಬಾಯಿ ನನ್ನನ್ನು ನೋಡಿದರು, ಗಿಡ ನೋಡಿದರು. ಅಷ್ಟರಲ್ಲಿ ಅಡಿಗೆಮನೆಯಿಂದ ಶೈಲಾ ಬಂದಳು. ಏನು ಎತ್ತ ಎಂದು ಕೇಳಲೂ ಇಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ, ಮೂರೂ ಗಿಡದ ತುದಿಗಳನ್ನು ಚಟಚಟನೆ ಚಿವುಟಿ ಉಡಿಯಲ್ಲಿ ಹಾಕಿಕೊಂಡಳು. ನಾನು ಅಯ್ಯೋ ಎಂದೆ. “ಸುಮ್ನಿರ್ರಿ. ತಿಂದು ತೋರಸೂದ ಬಿಟ್ಟು ಬ್ಯಾರೆ ಸಾಕ್ಷಿ ಐತೇನು? ಬಾಯಾರ, ಕುಂದರ್ರಿ, ಉಂಡ ಹೋಗ್ರಿ.”

ಬಾಯಿ ಬಾಯಿಗೆ ಕೈ ಅಡ್ಡ ಹಿಡಿದು ಕೂತರು, ಮೊದಲು ನಾವು ತಿನ್ನಬೇಕು ಎಂದು ಷರತ್ತು ಹಾಕಿದರು. ಸೊಪ್ಪು ಒಂದು ಹಿಡಿ, ನುಚ್ಚೇ ಹೆಚ್ಚು. ಆದರೆ ಒಗ್ಗರಣೆಯ ವಾಸನೆ ಏಳುತ್ತಲೇ ಮನೆ ಮನೆಯಾಯಿತು. ಮೊದಲ ತುತ್ತು ನಾನೇ ಇಟ್ಟುಕೊಂಡೆ. ಅದೇ ಹುಳಿ. ಕಿವಿಯ ಹಿಂದೆ ಜುಂ ಎನ್ನುವ ಅದೇ ಹುಳಿ. ಅಕ್ಕನನ್ನು ಮಣ್ಣು ಮಾಡುವ ಹೊತ್ತಿಗೆ ನಾನು ತಲುಪಿರಲಿಲ್ಲ. ವಿಮಾನ ತಡವಾಗಿ, ಬರಿದಾದ ಅಡಿಗೆಮನೆಗೆ ಹೋಗಿ ನಿಂತಿದ್ದೆ. ಆಗ ಬಾರದ ಅಳು ಈಗ, ಫಿಲೋಮಿನಾ ಬಾಯಿಯ ಎದುರು, ಬಾಯಲ್ಲಿ ರೊಟ್ಟಿ ಇರುವಾಗ ಬಂತು. “ಖಾರ ಆತು” ಎಂದೆ. ಯಾರೂ ನಂಬಲಿಲ್ಲ. ಬಾಯಿ ನಾಡಿ ಹಿಡಿದು ನೋಡಿದರು, ನನಗೆ ಅಮಲೇರಿಲ್ಲ ಎಂದು ಖಾತ್ರಿಯಾದ ಮೇಲೆ ತಟ್ಟೆ ಎಳೆದುಕೊಂಡರು. ಆಮೇಲೆ ನನಗೆ ಎರಡನೆಯ ಸಲ ಬಡಿಸಲು ಪಾತ್ರೆಯಲ್ಲಿ ಏನೂ ಉಳಿಯಲಿಲ್ಲ.

ಹೋಗುವಾಗ ಬಾಯಿ ತೀರ್ಪು ಕೊಟ್ಟರು. “ಒಳ್ಳೆದುಂಟು. ಗಿಡ ಇಟ್ಟುಕೊಳ್ಳಿ. ಆದ್ರೆ ಸಂಜೆ ಆರು ಗಂಟೆಗೆ ಆ ಲೈಟ್ ಬಂದ್. ನಾತೂರನಿಗೆ ನಾನು ಹೇಳ್ತೇನೆ.” ಅವತ್ತಿನಿಂದ ಸಂಜೆ ಆರಕ್ಕೆ ನಮ್ಮ ಮನೆಯಲ್ಲಿ ಕತ್ತಲೆ. ಗಿಡಗಳು ಸತ್ತೇ ಹೋಗುತ್ತವೆ ಎಂದುಕೊಂಡೆ. ಶೈಲಾ ಚಿವುಟಿದ ಕಡೆಯಲ್ಲೆಲ್ಲ ಎರಡೆರಡು ಚಿಗುರು ಬಂತು. ಕವಲೊಡೆದು ಗಿಡ ಪೊದೆಯಾಯಿತು. ಬಾಯಿ ಕಳಿಸಿದ ಕ್ರಿಸ್ಮಸ್ ತಿಂಡಿ ಕುಸ್ವಾರದ ತಟ್ಟೆಯನ್ನು ಖಾಲಿ ಕೊಡಬಾರದೆಂದು ನಾವು ಶೇಂಗಾ ಹೋಳಿಗೆ ಹಾಕಿ ಹಿಂದಿರುಗಿಸುವ ಹೊತ್ತಿಗೆ ಮೊಗ್ಗು ಕಂಡಿತು. ಆಮೇಲೆ ಒಂದು ಮುಂಜಾನೆ, ತಿಳಿ ಹಳದಿ ಹೂ, ನಡುವೆ ಕುಂಕುಮ ಇಟ್ಟ ಹಾಗೆ ಕಡುಗೆಂಪು. ಹೆದರಿಕೆ ಕಳೆದ ಮೇಲೆ ಓದಿ ತಿಳಿದುಕೊಂಡೆ: ಪುಂಡಿ ಹೂ ಬಿಡಬೇಕಾದರೆ ಉದ್ದನೆಯ ಕತ್ತಲೆ ಬೇಕಂತೆ. ಚಿವುಟದಿದ್ದರೆ ಕವಲೂ ಇಲ್ಲವಂತೆ. ಅಕ್ಕ ಇವೆರಡನ್ನೂ ಓದಿರಲಿಲ್ಲ, ಸುಮ್ಮನೆ ಚಿವುಟಿ ಉಣ್ಣಿಸುತ್ತಿದ್ದಳು, ಸಂಜೆಯಾದರೆ ಮಲಗುತ್ತಿದ್ದಳು.

ಈಗ ಮುಳ್ಳು ಮುಳ್ಳು ಕಾಯಿ ಒಣಗಿ, ಇಳಕಲ್ ತುಂಡಿನಲ್ಲಿ ಮತ್ತೆ ಒಂದು ಹಿಡಿ ಬೀಜ ಸೇರಿದೆ. ಹೂವಿನ ಫೋಟೋ ನೋಡಿದ ಬಸವರಾಜ ಫೋನ್ ಮಾಡಿ ಬಹಳ ಹೊತ್ತು ಅದೂ ಇದೂ ಮಾತಾಡಿದ. ಕಡೆಗೆ, “ಮಾಮಾ, ಸಂತಿ ಪುಂಡಿ ಅವ್ವನ ಪುಂಡಿ ಹಂಗ ರುಚಿ ಹತ್ತೂದಿಲ್ಲ. ಈ ಸಲ ಬರುವಾಗ ಸೆಂಟು, ಖರ್ಜೂರ ಏನೂ ಬ್ಯಾಡ. ಒಂದೀಟು ಬೀಜ ತಾ” ಎಂದ.

“ಎಲ್ಲಿ ಹಾಕ್ತಿ? ಬರೇ ಟೈಲ್ಸ್ ಐತಲ್ಲೋ.”

“ಮೋರಿ ಕಡೆ ನಾಕು ಟೈಲ್ಸ್ ಎಬ್ಬಸ್ತೀನಿ. ಕಾರು ಹೊರಗ ನಿಂದರ್ಲಿ.”

ನನಗೆ ತಡೆಯಲಾಗಲಿಲ್ಲ. ಇಷ್ಟು ಕಷ್ಟಪಟ್ಟು ಕಲಿತ ವಿದ್ಯೆ ವ್ಯರ್ಥವಾಗಬಾರದೆಂದು ಅಲ್ಲೇ ಪಾಠ ಶುರು ಮಾಡಿದೆ. ಆಳ ಹೂಳಬೇಡ, ಕೆದಕಬೇಡ, ನೀರು ಹದವಾಗಿರಲಿ, ತುದಿ ಚಿವುಟು, ಎಲ್ಲಕ್ಕಿಂತ ಮುಖ್ಯ, ಸಂಜೆ ಆರಕ್ಕೆ ತಪ್ಪದೆ ಬೆಳಕು ಬಂದ್ ಮಾಡಬೇಕು, ಮರೆತೀ ಮತ್ತೆ ಎಂದೆ.

ಬಸವರಾಜ ಎಲ್ಲ ಕೇಳಿಸಿಕೊಂಡು, “ಮಾಮಾ, ಇಲ್ಲಿ ಸೂರ್ಯ ತಾನ ಬಂದ್ ಆಗ್ತಾನ” ಎಂದ.