ಊರ ಹೆಮ್ಮೆಯ ಪುತ್ರನ ಪ್ರಾತ್ಯಕ್ಷಿಕೆ

ಎಲ್ಲ ರಗಳೆಗೂ ಕಾರಣ ಒಂದು ಸೌಟು. ಅದು ಫ್ಲೆಕ್ಸಿನ ಚೌಕಟ್ಟಿನೊಳಗೆ ಹಿಡಿಯದೆ ಹೋಯಿತು.

ರಜೆಯಲ್ಲಿ ಊರಿಗೆ ಬಂದ ಲತೇಶ ಗುರುವಾಯನಕೆರೆಯಲ್ಲಿ ಬಸ್ಸಿಳಿದು ತಲೆಯೆತ್ತಿದರೆ, ಜಂಕ್ಷನ್ನಿನ ಕಂಬದಲ್ಲಿ ಅವನೇ ನಿಂತಿದ್ದ. ಬಿಳಿ ಉಡುಪು, ಬಿಳಿ ಟೊಪ್ಪಿ, ಹಿಂದೆ ತರಬೇತಿ ಕೇಂದ್ರದ ಗೇಟಿನ ದೊಡ್ಡ ಲಂಗರು. ಕೆಳಗೆ ಕೆಂಪು ಅಕ್ಷರದಲ್ಲಿ, 'ಕೋಸ್ಟ್ ಗಾರ್ಡಿನಲ್ಲಿ ದೇಶಸೇವೆ ಗೈಯುತ್ತಿರುವ ಊರ ಹೆಮ್ಮೆಯ ಪುತ್ರನಿಗೆ ಹಾರ್ದಿಕ ಅಭಿನಂದನೆಗಳು.' ಫೋಟೋ ಅವನ ವಾಟ್ಸ್ಆ್ಯಪಿನದೇ. ಅದರಲ್ಲಿ ಅವನ ಬಲಗೈಯಲ್ಲಿ ಸೌಟಿತ್ತು. ಫ್ಲೆಕ್ಸ್ ಮಾಡಿದ ಅಸ್ಕರ್ ಕೈಯನ್ನು ಮೊಣಕೈಗೇ ಕತ್ತರಿಸಿದ್ದ. ಎದೆಯ ಮೇಲಿನ ಸಾಂಬಾರಿನ ಕಲೆ ಮಾತ್ರ ಉಳಿದಿತ್ತು. ದೂರದಿಂದ ನೋಡಿದವರಿಗೆ ಅದು ಪದಕದ ಹಾಗೆ ಕಾಣುತ್ತಿತ್ತು.

ಲತೇಶ ಆ ಕೇಂದ್ರದ ಮೆಸ್ಸಿನಲ್ಲಿ ಅಡುಗೆಯವ. ಸುಳ್ಳು ಹೇಳಿದವನಲ್ಲ. 'ಟ್ರೈನಿಂಗ್ ಸೆಂಟರಿನಲ್ಲಿ ಕೆಲಸ' ಎಂದಷ್ಟೇ ಹೇಳಿದ್ದ, ಉಳಿದದ್ದನ್ನು ಊರೇ ಹೇಳಿಕೊಂಡಿತ್ತು. ಅವನು ತಿದ್ದಲು ಹೋಗದಿದ್ದುದಕ್ಕೆ ಕಾರಣ ಸಾತ್ವಿಕಾ. ಅವಳ ಅಪ್ಪ ಸಂಕಪ್ಪ ಶೆಟ್ಟರು ಅರ್ಧ ಆಯುಷ್ಯವನ್ನು ಪುಣೆಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕಳೆದು ಬಂದವರು. ಒಲೆಯ ಹೊಗೆ ತಾಗಿದವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಹಟ ಹಿಡಿದವರು. ಮುಂದಿನ ಭಾನುವಾರ ನಿಶ್ಚಿತಾರ್ಥ.

ಸಾತ್ವಿಕಾ ಫೋನಿನಲ್ಲಿ ಕೇಳುತ್ತಿದ್ದುದೆಲ್ಲ ಕೇಂದ್ರದ್ದೇ ಸುದ್ದಿ. ಬೆಳಿಗ್ಗೆ ಎಷ್ಟು ಓಡಿಸುತ್ತಾರೆ, ಈಜಿಗೆ ಎಷ್ಟು ಹೊತ್ತು, ಯಾವುದಕ್ಕೆ ಬೈಯುತ್ತಾರೆ. ಇದೆಲ್ಲ ತನ್ನ ಮೇಲಿನ ಪ್ರೀತಿ ಎಂದು ಕರಗಿದ ಲತೇಶ, ಅಡುಗೆಮನೆಯ ಕಿಟಕಿಯಿಂದ ಕಂಡದ್ದನ್ನು ಬಣ್ಣ ಕಟ್ಟಿ ಹೇಳುತ್ತಿದ್ದ. ಶಿಸ್ತು ಎಂದರೆ ಶಿಸ್ತು, ತರಬೇತಿ ಮುಗಿಯುವ ತನಕ ಅಲ್ಲಿ ಕಲಿಯುವ ಮಕ್ಕಳು ಮದುವೆಯಾಗುವ ಹಾಗೂ ಇಲ್ಲ ಎಂದು ಒಮ್ಮೆ ಹೆಮ್ಮೆಯಿಂದಲೇ ಹೇಳಿದ್ದ.

"ಬಂದ್ಯಾ ಮಾರಾಯ!" ಯುವಕ ಮಂಡಲದ ಅಧ್ಯಕ್ಷ ಮನೀಷ್ ಬೈಕಿನಿಂದಲೇ ಕೂಗಿದ. "ಕೂತ್ಕೋ, ಕೆರೆಗೆ ಹೋಗುವ. ನಿನಗೆ ಸನ್ಮಾನ ಉಂಟು. ಅದಕ್ಕೆ ಮುಂಚೆ ಸಣ್ಣ ಒಂದು ಡೆಮೋ. ಚನಿಯಪ್ಪಣ್ಣ ಮುಳುಗ್ತಾರೆ, ನೀನು ಎತ್ತುದು."

ಲತೇಶನಿಗೆ ಈಜು ಬಾರದು. ಬಾವಿಕಟ್ಟೆಯ ಹತ್ತಿರ ಹೋದರೂ ಅವನಿಗೆ ತಲೆ ತಿರುಗುತ್ತದೆ.

"ನಮ್ಮದು ಸಮುದ್ರದ ಟ್ರೈನಿಂಗ್ ಅಲ್ವಾ, ಉಪ್ಪು ನೀರು. ಸಿಹಿ ನೀರಿಗೆ ಇಳೀಲಿಕ್ಕೆ ಪರ್ಮಿಶನ್ ಬೇಕು."

ಮನೀಷ್ ಗಂಭೀರವಾಗಿ ಯೋಚಿಸಿದ. "ಒಂದೆರಡು ಗೋಣಿ ಉಪ್ಪು ಹಾಕಿದ್ರೆ ಆಗ್ತದಾ?"

ಆಗುವುದಿಲ್ಲ ಎಂದರೆ ಲಾರಿಯಲ್ಲಿ ತರಿಸುವ ಜನ. ಲತೇಶ ಬೈಕ್ ಹತ್ತಿದ.

ಕೆರೆಯ ದಂಡೆಯಲ್ಲಿ ಶಾಮಿಯಾನ, ಮೈಕು, ಶಾಲು, ಹಣ್ಣಿನ ಬುಟ್ಟಿ. ಮುಂದಿನ ಸಾಲಿನಲ್ಲಿ ಸಂಕಪ್ಪ ಶೆಟ್ಟರು, ಸನ್ಮಾನ ತಮಗೇ ಎಂಬಂತೆ ಕೂತಿದ್ದರು. ಪಕ್ಕದಲ್ಲಿ ಸಾತ್ವಿಕಾ.

ಮಾತು ಮುಗಿಯದಿದ್ದರೆ ಡೆಮೋ ಶುರುವಾಗುವುದಿಲ್ಲ ಎಂಬ ಲೆಕ್ಕದಲ್ಲಿ ಲತೇಶ ಮೈಕು ಹಿಡಿದ. "ಗಾಳಿಗೆ ಸಿಕ್ಕಿದ ಬೋಟಿನವರನ್ನು ಎತ್ತಿ ತರುದು ಸುಲಭ ಅಲ್ಲ. ಆ ಮಕ್ಕಳು ಅದನ್ನು ಕಲಿಯುದೇ ಅಲ್ಲಿ. ಬೆಳಗಾಗುವ ಮೊದಲೇ ಓಟ, ಆಮೇಲೆ ಈಜು, ಆಮೇಲೆ ಹಗ್ಗ. ಅಂಗೈಯೆಲ್ಲ ಬೊಕ್ಕೆ ಎದ್ದು ಅನ್ನ ಕಲಸ್ಲಿಕ್ಕೆ ಆಗುದಿಲ್ಲ. ಅಷ್ಟು ಹಸಿವೆಯಲ್ಲಿ ಬಂದು ಕೂತವರಿಗೆ ಇಡ್ಲಿ ಗಟ್ಟಿಯಾದ್ರೆ..." ಇಡ್ಲಿಯ ವಿಷಯದಲ್ಲಿ ಅವನ ಸಂಕಟ ನಿಜವಾದದ್ದು. ಸಭೆ ಅದನ್ನು ದೇಶಪ್ರೇಮವೆಂದು ತಿಳಿದು ಚಪ್ಪಾಳೆ ತಟ್ಟಿತು.

"ಭಾಷಣ ಆಮೇಲೆ ಮಾಡು ಮಾರಾಯ! ನಾನು ಮುಳುಗ್ಲಿಕ್ಕೆ ಶುರು ಮಾಡಿ ಆಯ್ತು!" ಕೆರೆಯ ನಡುವಿನಿಂದ ಚನಿಯಪ್ಪ ಕೂಗಿದರು. ಊರಿನಲ್ಲೇ ಹೆಸರು ಮಾಡಿದ ಈಜುಗಾರರಾದ ಅವರಿಗೆ ಮುಳುಗುವುದು ಬಹಳ ಕಷ್ಟವಾಗುತ್ತಿತ್ತು.

ಲತೇಶ ಮೈಕು ಬಿಟ್ಟು ಕೆರೆಯ ಮೆಟ್ಟಿಲಿಳಿದ. ನಿಜ ಹೇಳಿಬಿಡೋಣ ಎಂದು ಕೊನೆಯ ಮೆಟ್ಟಿಲಲ್ಲಿ ಹಿಂದೆ ತಿರುಗಿದ. "ಮಾವಾ, ಒಂದು ವಿಷಯ..." ಕಾಲಡಿಯ ಪಾಚಿ ಅವನನ್ನು ಮುಂದೆ ಮಾತಾಡಲು ಬಿಡಲಿಲ್ಲ.

ಲತೇಶ ಮುಳುಗಿದ. ಮೇಲೆ ಬಂದು ಕೈಕಾಲು ಬಡಿದ.

"ನೋಡಿ ಬಂಧುಗಳೇ," ಎಂದ ಮನೀಷ್ ಮೈಕಿನಲ್ಲಿ, "ಮುಳುಗುವವ ಹೇಗೆ ಮಾಡ್ತಾನೆ ಅಂತ ಮೊದಲು ತೋರಿಸ್ತಾ ಇದ್ದಾರೆ."

ಲತೇಶ ಮತ್ತೆ ಮುಳುಗಿದ.

"ನನ್ನ ಪಾರ್ಟು ಇವ ಯಾಕೆ ಮಾಡುದು?" ಚನಿಯಪ್ಪ ಸಿಟ್ಟಿನಿಂದ ಮುಳುಗುವುದನ್ನೇ ನಿಲ್ಲಿಸಿದರು.

ಆಗ ಮುಂದಿನ ಸಾಲಿನಿಂದ ಸಾತ್ವಿಕಾ ಎದ್ದು ಓಡಿ ಬಂದು ನೀರಿಗೆ ಹಾರಿದಳು. ಸರಸರನೆ ಈಜಿ, ಹಿಂದಿನಿಂದ ಅವನ ಗಲ್ಲಕ್ಕೆ ಕೈಕೊಟ್ಟು, ಖಾಲಿ ಕೊಡವನ್ನು ತೇಲಿಸಿಕೊಂಡು ಬರುವಂತೆ ದಂಡೆಗೆ ತಂದು ಹಾಕಿದಳು.

ಲತೇಶ ನೀರು ಕಕ್ಕಿದ. ನೀರಿನ ಹಿಂದೆಯೇ ಸತ್ಯವೂ ಬಂತು. "ಮಾವಾ, ನಾನು ಅಲ್ಲಿ ಅಡುಗೆಯವ."

"ಅಡುಗೆಯವನಾ!" ಸಂಕಪ್ಪ ಶೆಟ್ಟರ ಮುಖ ಕೆಂಪೇರಿತು.

"ನನಗೆ ಮೊದಲೇ ಗೊತ್ತಿತ್ತಪ್ಪ," ಎಂದಳು ಸಾತ್ವಿಕಾ. "ಎದೆಗೆ ಸಾಂಬಾರು ಮೆತ್ತಿಕೊಂಡ ಆಫೀಸರ್ ಎಲ್ಲಿಯಾದ್ರೂ ಇರ್ತಾರಾ?"

ಲತೇಶನಿಗೆ ಹೋದ ಜೀವ ಬಂತು. ಗೊತ್ತಿದ್ದೂ ಒಪ್ಪಿದ್ದಾಳೆ!

"ಮತ್ತೆ ಯಾಕೆ ಸುಮ್ಮನಿದ್ದದ್ದು ನೀನು?" ಶೆಟ್ಟರು ಕೇಳಿದರು.

"ಒಳಗಿನ ಸುದ್ದಿ ಹೇಳುವವರು ಒಬ್ಬರು ಬೇಕಿತ್ತು." ಅವಳು ಜಡೆ ಹಿಂಡಿದಳು. "ನಾನು ಕೋಸ್ಟ್ ಗಾರ್ಡಿಗೆ ಸೆಲೆಕ್ಟ್ ಆಗಿದ್ದೇನೆ. ಮುಂದಿನ ತಿಂಗಳು ಇವರ ಸೆಂಟರಿಗೇ ಹೋಗ್ಲಿಕ್ಕುಂಟು. ಮೂಡುಬಿದಿರೆಯಲ್ಲಿ ಕಾಲೇಜಿಗೆ ಹೋದಾಗಲೇ ಈಜು ಕಲಿತದ್ದು. ನೀವು ಬೇಡ ಹೇಳ್ತೀರಿ ಅಂತ ಹೆದರಿ ಹೇಳ್ಲಿಲ್ಲ."

ಶೆಟ್ಟರಿಗೆ ಸಿಟ್ಟು ಮಾಡಬೇಕೋ ಹೆಮ್ಮೆ ಪಡಬೇಕೋ ತಿಳಿಯಲಿಲ್ಲ. ಹೆಮ್ಮೆಗಾದರೆ ಶಾಮಿಯಾನ, ಮೈಕು ಎಲ್ಲ ತಯಾರಿದ್ದವು. ಅವರು ಮನೀಷನ ಕೈಯಿಂದ ಶಾಲು ತೆಗೆದುಕೊಂಡು ಮಗಳಿಗೆ ಹೊದಿಸಿದರು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು.

"ಭಾನುವಾರದ್ದು?" ಲತೇಶ ನಡುಗುತ್ತ ಕೇಳಿದ.

"ಟ್ರೈನಿಂಗ್ ಮುಗಿಯುವ ತನಕ ಮದುವೆ ಆಗ್ಲಿಕ್ಕಿಲ್ಲ ಅಂತ ನೀವೇ ಹೇಳಿದ್ದಲ್ವಾ," ಎಂದಳು ಸಾತ್ವಿಕಾ, ಸಮಾಧಾನದಲ್ಲಿ. "ಅಷ್ಟರಲ್ಲಿ ನೀವು ಈಜು ಕಲೀರಿ. ಮತ್ತೆ ನೋಡುವ. ಇಡ್ಲಿ ಮಾತ್ರ ಗಟ್ಟಿ ಮಾಡ್ಬೇಡಿ."

ಉಳಿದ ರಜೆಯನ್ನು ಊರಿನಲ್ಲಿ ಕಳೆಯುವ ಧೈರ್ಯವಿಲ್ಲದೆ ಲತೇಶ ಸಂಜೆಯೇ ಜಂಕ್ಷನ್ನಿಗೆ ಬಂದು ಬಸ್ಸು ಕಾದ. ಕಂಬಕ್ಕೆ ಏಣಿ ಒರಗಿತ್ತು. ಅಸ್ಕರ್ ಮೇಲಿಂದ ಇಳಿಯುತ್ತಿದ್ದ.

"ಹೊಸತು ಮಾಡ್ಲಿಕ್ಕೆ ಟೈಮಿಲ್ಲ ಲತೇಶಣ್ಣ. ಮುಖ ಮಾತ್ರ ಬೇರೆ ಅಂಟಿಸಿದ್ದು," ಎಂದ ಅವನು. "ಆ ಪದಕ ತೆಗೀಲಿಲ್ಲ. ಚಂದ ಕಾಣ್ತದೆ."

ಲತೇಶ ತಲೆಯೆತ್ತಿದ. ಬಿಳಿ ಟೊಪ್ಪಿಯ ಅಡಿಯಲ್ಲಿ ಸಾತ್ವಿಕಾ ನಗುತ್ತಿದ್ದಳು. ಕುತ್ತಿಗೆಯಿಂದ ಕೆಳಗೆ, ಸಾಂಬಾರಿನ ಸಮೇತ, ಅವನೇ ಇದ್ದ.