ಸ್ಟಾಕು ಇಡದ ನನ್ನ ಮಾವ

ಹೊನ್ನಾವರದಲ್ಲಿರುವ ನನ್ನ ಸೋದರಮಾವನ ಮನೆಗೆ ಚಹಾಕ್ಕೆ ಹೋಗುವವರು ಸಕ್ಕರೆಯನ್ನು ತಾವೇ ಕೊಂಡೊಯ್ಯುವುದು ಒಳ್ಳೆಯದು. ಬಡತನ ಅಂದುಕೊಳ್ಳಬೇಡಿ. ಮಾವ ಜಿಪುಣನೂ ಅಲ್ಲ. ಅವನದ್ದು ಸಿದ್ಧಾಂತ! ಇವತ್ತಿಗೆ ಬೇಕಾದ್ದಕ್ಕಿಂತ ಒಂದು ಚಮಚ ಹೆಚ್ಚು ಮನೆಯಲ್ಲಿದ್ದರೂ ಅವನಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ಮಾವ ಪುಣೆಯಲ್ಲಿ ಟಿ.ವಿ. ತಯಾರಿಸುವ ದೊಡ್ಡ ಕಂಪನಿಯೊಂದರ ಖರೀದಿ ವಿಭಾಗದಲ್ಲಿದ್ದ. ಟಿ.ವಿ.ಯ ಹೊಟ್ಟೆಯೊಳಗೆ ಉಗುರಿನಷ್ಟು ಸಣ್ಣ ಎಲೆಕ್ಟ್ರಾನಿಕ್ ಚಿಪ್ಪುಗಳಿರುತ್ತವಲ್ಲ, ಅವನ್ನು ಕೊಳ್ಳುವುದು ಅವನ ಕೆಲಸ. ಅವುಗಳ ಬೆಲೆ ತಿಂಗಳು ತಿಂಗಳಿಗೂ ಇಳಿಯುತ್ತಿತ್ತಂತೆ. ಇವತ್ತು ರಾಶಿ ಹಾಕಿಕೊಂಡವನು ನಾಳೆ ಮುಳುಗಿದನೆಂದೇ ಲೆಕ್ಕ. "ಸ್ಟಾಕು ಅಂದ್ರೆ ಸತ್ತ ದುಡ್ಡು" ಎಂಬ ಮಾತು ಅಲ್ಲಿ ಅವನ ರಕ್ತಕ್ಕೆ ಸೇರಿತು. ನಿವೃತ್ತನಾಗಿ ಊರಿಗೆ ಬರುವಾಗ ಪಾತ್ರೆಪಗಡೆಯ ಜೊತೆ ಆ ಮಾತನ್ನೂ ಲಾರಿಗೆ ಹೇರಿಕೊಂಡು ಬಂದ. ಈಚೆಗೆ ಚಿಪ್ಪಿನ ಬೆಲೆ ಗಗನಕ್ಕೇರಿದೆ ಎಂದು ಪೇಪರಿನಲ್ಲಿ ಬಂದಾಗ ಅದನ್ನು ಅವನ ಮುಂದೆ ಹಿಡಿದೆ. "ಏರಿದ್ದು ಇಳೀಲೇಬೇಕಲ್ಲೆ ತಂಗೀ. ಕಾಯೂಕೆ ಕಲಿ" ಅಂದು ಮಡಚಿ ಕೊಟ್ಟ.

ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಒಣಮೀನು ಕಟ್ಟಿಡದ ಮನೆ ಉಂಟೆ? ಬೋಟುಗಳೆಲ್ಲ ದಡ ಸೇರಿದ ಮೇಲೆ ತಿನ್ನುವುದೇನು? ಮಾವ ಮಾತ್ರ ಬೆಲೆ ಇಳಿಯಲಿ ಎಂದು ಕಾದ. ಆಷಾಢ ಬಂತು, ಗಾಳಿ ಬಂತು, ಬೆಲೆ ಮಾತ್ರ ಇಳಿಯಲಿಲ್ಲ. ಅತ್ತೆ ಬಟ್ಟಲು ಹಿಡಿದು ಪಕ್ಕದ ಕೊಂಕಣಿ ಹೆಂಗಸಿನ ಮನೆಗೆ ಹೋಗಿ ಒಣ ಸಿಗಡಿ ಇಸಿದುಕೊಂಡು ಬಂದಳು. ಮಾವ ಆ ಸಿಗಡಿಯ ಚಟ್ನಿ ಚಪ್ಪರಿಸುತ್ತ, "ನೋಡು, ಒಬ್ಬ ಸಪ್ಲಾಯರ್ ಕೈಕೊಟ್ರೆ ಇನ್ನೊಬ್ಬ ಇರ್ಬೇಕು ಹೇಳೂದು ಇದಕ್ಕೇ" ಅಂದ.

ಯಾವುದನ್ನೇ ಕಂಡರೂ ಬಿಚ್ಚಿ ಬೆಲೆ ಕಟ್ಟುವುದು ಇನ್ನೊಂದು ಚಟ. ಒಮ್ಮೆ ಕುಮಟೆಯ ಹೋಟೆಲಿನಲ್ಲಿ ಬನ್ಸನ್ನು ಎರಡು ಹೋಳು ಮಾಡಿ, ಮೈದಾ ಇಷ್ಟು, ಬಾಳೆಹಣ್ಣು ಇಷ್ಟು, ಎಣ್ಣೆ ಇಷ್ಟು ಎಂದು ಗಟ್ಟಿಯಾಗಿ ಹೇಳತೊಡಗಿದ. ಗಲ್ಲಾದಲ್ಲಿದ್ದ ಮಾಲೀಕರು ಬಹಳ ಹೊತ್ತು ಕೇಳಿಸಿಕೊಂಡರು.

"ಎಲ್ಲಾ ಸರಿ ಆತು ಮಾರಾಯ್ರೆ. ಬೆಳಗಿಂದ ನೀವು ಕೂತ ಕುರ್ಚಿ ಯಾವ ಲೆಕ್ಕಕ್ಕೆ ಬಂತು?"

ಇಂಥವನ ಜೊತೆ ಅತ್ತೆ ಹೇಗೆ ಬಾಳಿದಳು? ಅವಳ ಬಳಿ ಉಪಾಯವಿತ್ತು. ಅತ್ತೆಗೆ ಕಿವಿ ಮಂದ. ಕಿವಿಯ ಹಿಂದೆ ಸಣ್ಣದೊಂದು ಮೆಷಿನ್ ಇದೆ. ಮಾವನ ಭಾಷಣ ಶುರುವಾಯಿತೆಂದರೆ ಅವಳ ಕೈ ಮೆಲ್ಲಗೆ ಕಿವಿಗೆ ಹೋಗುತ್ತದೆ, ಮೆಷಿನ್ ಬಂದ್ ಆಗುತ್ತದೆ, ಮುಖದ ಮೇಲೆ ಪರಮ ಶಾಂತಿ ನೆಲೆಸುತ್ತದೆ. ಮಾವ ಅದನ್ನು ಗೌರವವೆಂದು ತಿಳಿದಿದ್ದಾನೆ.

ಆದರೆ ಆ ಮೆಷಿನ್ ಬರುವ ಮುಂಚಿನ ಅತ್ತೆಯನ್ನೂ ನಾನು ಕಂಡಿದ್ದೇನೆ. ಮದುವೆ ಮನೆಯಲ್ಲಿ ಮೂಲೆಯ ಕುರ್ಚಿ ಹಿಡಿದು, ಎಲ್ಲರೂ ನಕ್ಕ ಮೇಲೆ ತಾನೂ ನಗುತ್ತಿದ್ದಳು. ಬರಬರುತ್ತ ಹೋಗುವುದನ್ನೇ ಬಿಟ್ಟಳು. ಮೆಷಿನ್ ಬಂದ ಮೇಲೆ ಭಜನೆಗೆ ಹೋದಳು, ಜಗಲಿಯಲ್ಲಿ ಹರಟೆಗೆ ಕೂತಳು, ನನ್ನ ಅತ್ತೆ ನನಗೆ ವಾಪಸು ಸಿಕ್ಕಳು. ನಡುವೆ ಹೊಸ ಮಾದರಿಗಳನ್ನೂ ಹಾಕಿ ನೋಡಿದ್ದಾಯಿತು. ಒಂದು ಸಿಳ್ಳೆ ಹಾಕಿತು, ಇನ್ನೊಂದಕ್ಕೆ ಮೊಬೈಲು ಒತ್ತಬೇಕಿತ್ತು. ಅವಳ ಕಿವಿಗೆ ಒಗ್ಗಿದ್ದು ಆ ಹಳೆಯದೊಂದೇ.

ಹೋದ ತಿಂಗಳು ಅದು ಕರಕರ ಅನ್ನತೊಡಗಿತು. ಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು, ಅದನ್ನು ಕೊಂಡಿದ್ದ ಭಟ್ಕಳದ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು ತಲೆಯಾಡಿಸಿದರು.

"ಈ ಮಾಡೆಲ್ ಬಂದ್ ಆಗ್ತಾ ಉಂಟು ಸರ್. ಒಳಗಿನ ಚಿಪ್ಪು ಮಾಡೂದು ನಿಲ್ಲಿಸಿದ್ದಾರಂತೆ. ದೊಡ್ಡ ಮೊಬೈಲ್ ಕಂಪನಿಯವರು ಫ್ಯಾಕ್ಟರಿಗೆ ಫ್ಯಾಕ್ಟರಿಯೇ ಬುಕ್ ಮಾಡಿದ್ರೆ ನಮ್ಮ ಕಿವಿ ಮೆಷಿನ್ ಕೇಳೂರು ಯಾರು? ಬೇಕಾದ್ರೆ ಈಗಲೇ ಕೊನೆ ಆರ್ಡರ್ ಹಾಕ್ಬೇಕು."

ಮಾವನ ಕಣ್ಣು ಹೊಳೆಯಿತು. ಇದು ಅವನ ಅಖಾಡ. ಕಂಪನಿಯಲ್ಲೂ ಒಂದು ಚಿಪ್ಪು ನಿಂತುಹೋಗುತ್ತದೆ ಎಂದು ಗೊತ್ತಾದರೆ, ಆ ಟಿ.ವಿ. ಇನ್ನೆಷ್ಟು ವರ್ಷ ಬಾಳುತ್ತದೆ ಎಂದು ಅಂದಾಜು ಕಟ್ಟಿ ಅಷ್ಟನ್ನೂ ಒಮ್ಮೆಲೇ ಕೊಂಡುಬಿಡಬೇಕು. ಹೆಚ್ಚಾದರೆ ನಷ್ಟ, ಕಡಿಮೆಯಾದರೆ ಕೆಲಸ ನಿಲ್ಲುತ್ತದೆ. ಮಾವ ಯಾವಾಗಲೂ ಕೈ ಬಿಗಿ ಹಿಡಿದೇ ಆರ್ಡರ್ ಬರೆಯುತ್ತಿದ್ದನಂತೆ. ಕಿಸೆಯಿಂದ ಪೆನ್ನು ತೆಗೆದ.

"ಒಂದು ಮೆಷಿನ್ ನಾಲ್ಕೈದು ವರ್ಷ ಬರ್ತದೆ. ಅಮ್ಮನವರಿಗೆ ಎಷ್ಟು ವರ್ಷಕ್ಕೆ ಬೇಕು ಹೇಳಿ" ಅಂದರು ಸಾಹೇಬರು.

ಮಾವನ ಪೆನ್ನು ಅಲ್ಲೇ ನಿಂತಿತು. ಅವನು ನನ್ನ ಮುಖ ನೋಡಿದ. ನಾನು ರಸ್ತೆಯ ಕಡೆ ನೋಡಿದೆ. ಜೀವಮಾನವಿಡೀ ಇದೊಂದೇ ಪ್ರಶ್ನೆಗೆ ಉತ್ತರ ಬರೆದು ಸಂಬಳ ತಂದ ಮನುಷ್ಯ, ಪೆನ್ನಿಗೆ ಟೊಪ್ಪಿ ಹಾಕಿ ಕಿಸೆಗೆ ಇಟ್ಟುಕೊಂಡ.

"ಎಷ್ಟು ಸಿಗ್ತದೋ ಅಷ್ಟೂ ತರಿಸಿ."

"ರೇಟು ಸರ್..."

"ನೀವು ಹೇಳಿದ್ದೇ ಆತು."

ಮಾವ ರಸೀದಿಯನ್ನು ಓದದೆಯೇ ಮಡಚಿಕೊಂಡು ಕಾರು ಹತ್ತಿದ.

ಮೊನ್ನೆ ಮೆಷಿನುಗಳ ಡಬ್ಬಿಗಳು ಬಂದವು. ಒಂದು ಹಿಡಿ ಸಕ್ಕರೆಯನ್ನೂ ಕೂಡಿಡದ ಆ ಮನೆಯ ಕಪಾಟಿನಲ್ಲಿ ಮಾವ ಅವನ್ನು ಒಂದರ ಮೇಲೊಂದು ತಾನೇ ಜೋಡಿಸಿದ. ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು.

"ಎಂತದ್ರೀ ಇದು? ಇಷ್ಟೂ ಮುಗೀಬೇಕಂದ್ರೆ ನಾನು ನೂರು ದಾಟ್ಬೇಕಲ್ಲ."

"ದಾಟು" ಅಂದ ಮಾವ, ತಿರುಗಿ ನೋಡದೆ. "ಸ್ಟಾಕು ಮುಗಿಯೂ ತನಕ ನೀನು ಎಲ್ಲೂ ಹೋಗೂಕಿಲ್ಲ."

ಅತ್ತೆಯ ಕೈ ಮೆಲ್ಲಗೆ ಕಿವಿಗೆ ಹೋಯಿತು. ಬಂದ್ ಮಾಡುತ್ತಾಳೆ ಅಂದುಕೊಂಡೆ. ಅವಳು ಮೆಷಿನಿನ ದನಿ ಏರಿಸಿಕೊಂಡಳು.

"ಎಂತ ಹೇಳಿದ್ರಿ? ಇನ್ನೊಂದು ಸಲ ಹೇಳಿ."